ತಂತ್ರಾಂಶದ ಬಿಡುಗಡೆಗೂ ಬೇಕು ನಿಶ್ಚಿತ ವೇಳಾಪಟ್ಟಿ

ತುಂಗಭದ್ರಾ ಕಾಲುವೆಗಳಿಗೆ ನೀರು ಬಿಡುವ ದಿನಾಂಕವನ್ನು ನೀರಾವರಿ ಸಲಹಾ ಸಮಿತಿಯು ಪ್ರಕಟಿಸಿದೊಡನೆ ಸಿರುಗುಪ್ಪ, ಕುರುಗೋಡು ಭಾಗದ ರೈತರು ಭತ್ತದ ನಾಟಿಯ ಲೆಕ್ಕ ಹಾಕುತ್ತಾರೆ. ಗೊಬ್ಬರದ ವರ್ತಕರು ದಾಸ್ತಾನು ತರಿಸುತ್ತಾರೆ. ಅಕ್ಕಿ ಗಿರಣಿಗಳವರು ಬಂಡವಾಳ ಹೊಂದಿಸಿಕೊಳ್ಳುತ್ತಾರೆ. ದಿನಾಂಕ ಒಂದೇ, ಅದನ್ನು ನಂಬಿ ನಡೆಯುವ ವ್ಯವಹಾರಗಳು ಹಲವು. ಮುಕ್ತ ತಂತ್ರಾಂಶಗಳ ಲೋಕವೂ ಇದೇ ಪಾಠವನ್ನು ಕಲಿತಿದೆ.

ಎರಡು ಪದ್ಧತಿಗಳು

ಮೊದಲನೆಯದು, ಉದ್ದೇಶಿತ ಸೌಲಭ್ಯಗಳೆಲ್ಲವೂ ಸಿದ್ಧವಾದ ನಂತರ ಬಿಡುಗಡೆ ಮಾಡುವುದು. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ 3.0 ಆವೃತ್ತಿಯು ಜುಲೈ 2002ರಲ್ಲಿ ಹೊರಬಂದಿತು, ಮುಂದಿನ 3.1 ಆವೃತ್ತಿಗೆ ಜೂನ್ 2005ರವರೆಗೆ ಕಾಯಬೇಕಾಯಿತು. ಎರಡನೆಯದು, ದಿನಾಂಕವನ್ನು ಮೊದಲೇ ಗೊತ್ತುಪಡಿಸುವುದು. ಉಬುಂಟು ಅಕ್ಟೋಬರ್ 2004ರಿಂದ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳನ್ನು ಆರಿಸಿಕೊಂಡಿತು. ಆವೃತ್ತಿಯ ಸಂಖ್ಯೆಯೇ ಕಾಲವನ್ನು ಹೇಳುತ್ತದೆ: 24.04 ಎಂದರೆ 2024ರ ಏಪ್ರಿಲ್. ಲಿಬ್ರೆ ಆಫೀಸ್ ಕೂಡ ಆರು ತಿಂಗಳಿಗೊಂದು ಆವೃತ್ತಿಯ ಕ್ರಮವನ್ನು ಅನುಸರಿಸುತ್ತದೆ.

ವೇಳಾಪಟ್ಟಿಯ ರಚನೆ

ಬಿಡುಗಡೆಯ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬರಬೇಕು. ಮೊದಲ ಗಡುವಿನ ನಂತರ ಹೊಸ ಸೌಲಭ್ಯಗಳಿಗೆ ಪ್ರವೇಶವಿಲ್ಲ. ಎರಡನೆಯ ಗಡುವಿನ ನಂತರ ಪರದೆಯ ಮೇಲಿನ ಪದಗಳನ್ನು ಬದಲಿಸುವಂತಿಲ್ಲ. ಕನ್ನಡಕ್ಕೆ ಅನುವಾದಿಸುವ ಸ್ವಯಂಸೇವಕರಿಗೆ ದೊರೆಯುವ ಅವಧಿ ಇದೇ. ಬಳಿಕ ಪರೀಕ್ಷೆ ಮತ್ತು ದೋಷ ನಿವಾರಣೆ. ಸಿದ್ಧವಾಗದ ಸೌಲಭ್ಯವು ಮುಂದಿನ ಆವೃತ್ತಿಗೆ ಉಳಿಯುತ್ತದೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ, ಆನಂತರದ ವ್ಯವಹಾರವನ್ನು ಹೊಸ ವರ್ಷಕ್ಕೆ ಬರೆಯುವ ನಮಗೆ ಈ ಶಿಸ್ತು ಹೊಸತಲ್ಲ.

ಸಂಬಳದ ಬಂಧನವಿಲ್ಲದ ಸ್ವಯಂಸೇವಕರನ್ನು ಆಜ್ಞೆಯಿಂದ ನಡೆಸಲಾಗದು. ಎಲ್ಲರಿಗೂ ತಿಳಿದಿರುವ ದಿನಾಂಕವೇ ಅವರನ್ನು ಒಂದುಗೂಡಿಸುತ್ತದೆ. ಆದರೂ ದಿನಾಂಕಕ್ಕಾಗಿ ಗುಣಮಟ್ಟವನ್ನು ಬಲಿಕೊಡಬೇಕಿಲ್ಲ. ದೀರ್ಘ ಬೆಂಬಲದ ಮೊದಲ ಉಬುಂಟು ಆವೃತ್ತಿಯನ್ನು ಏಪ್ರಿಲ್ 2006ರ ಬದಲು ಜೂನ್‌ನಲ್ಲಿ ಹೊರತರಲಾಯಿತು. ಮುಂದೂಡಿಕೆಯನ್ನು ಮುಂಚಿತವಾಗಿಯೇ ತಿಳಿಸಿದ್ದರಿಂದ ವಿಶ್ವಾಸ ಉಳಿಯಿತು.

ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 14-10-2025ರಂದು ಕೊನೆಗೊಂಡಿದೆ. ಹಳೆಯ ಯಂತ್ರಗಳನ್ನು ಮುಕ್ತ ತಂತ್ರಾಂಶಕ್ಕೆ ಬದಲಾಯಿಸಲು ಬಯಸುವ ಅಂಗಡಿಗಳು, ಬಳ್ಳಾರಿಯ ಜೀನ್ಸ್ ಘಟಕಗಳು ಈ ಕೆಳಗಿನ ಎಚ್ಚರ ವಹಿಸುವುದು ಒಳಿತು.

1. ದೀರ್ಘ ಬೆಂಬಲದ ಆವೃತ್ತಿಯನ್ನೇ ಆರಿಸಿಕೊಳ್ಳಿ. ಉಬುಂಟುವಿನಲ್ಲಿ ಇದು ಎರಡು ವರ್ಷಕ್ಕೊಮ್ಮೆ ಬರುತ್ತದೆ. ಬೆಂಬಲ ಐದು ವರ್ಷ. ನಡುವಿನ ಆವೃತ್ತಿಗಳಿಗೆ ಒಂಬತ್ತು ತಿಂಗಳು ಮಾತ್ರ.

2. ಬಿಡುಗಡೆಯ ದಿನವೇ ಅಳವಡಿಸದಿರಿ. ಮೊದಲ ಪರಿಷ್ಕರಣೆಗೆ ಕಾಯಿರಿ; 24.04ರ ಮೊದಲ ಪರಿಷ್ಕರಣೆ ಆಗಸ್ಟ್ 2024ರಲ್ಲಿ ಬಂದಿತು.

3. ಮಾರ್ಚ್–ಏಪ್ರಿಲ್‌ನಲ್ಲಿಯೂ, ಮಾಸಿಕ ಜಿಎಸ್‌ಟಿ ವಿವರಣೆಗಳ ಗಡುವುಗಳಾದ 11 ಮತ್ತು 20ನೇ ತಾರೀಖುಗಳ ಆಸುಪಾಸಿನಲ್ಲಿಯೂ ಬದಲಾವಣೆ ಬೇಡ. ಮೊದಲು ದತ್ತಾಂಶದ ಪ್ರತಿ ತೆಗೆದಿರಿಸಿ.

4. ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು 1-4-2023ರಿಂದ ಪ್ರತಿಯೊಂದು ತಿದ್ದುಪಡಿಯ ದಾಖಲೆಯನ್ನು ಉಳಿಸಿಕೊಳ್ಳುವುದು ಕಡ್ಡಾಯ. ಹೊಸ ಆವೃತ್ತಿಯಲ್ಲಿಯೂ ಅದು ಚಾಲ್ತಿಯಲ್ಲಿದೆಯೇ ಎಂದು ಪರಿಶೀಲಿಸಿ.

5. ತಂತ್ರಾಂಶ ಮಾಡಿಸುವಾಗ ಕರಾರಿನಲ್ಲಿ ಕಂತುವಾರು ಬಿಡುಗಡೆಯ ದಿನಾಂಕಗಳನ್ನು ಬರೆಸಿ, ಪಾವತಿಯನ್ನು ಅವುಗಳಿಗೆ ಜೋಡಿಸಿ. ಮೊದಲ ಕಂತಿನಲ್ಲಿ ಬಿಲ್ಲು ಮತ್ತು ದಾಸ್ತಾನು ಸಾಕು. ಉಳಿದದ್ದು ನಂತರ ಬರಲಿ.

ಎಲ್ಲವನ್ನೂ ಒಮ್ಮೆಲೇ ಕೊಡುವೆನೆಂದು ದಿನಾಂಕ ಹೇಳದವನಿಗಿಂತ, ಸ್ವಲ್ಪವನ್ನೇ ಹೇಳಿದ ದಿನಕ್ಕೆ ಕೊಡುವವನನ್ನು ವ್ಯಾಪಾರಸ್ಥನು ನಂಬುತ್ತಾನೆ. ತಂತ್ರಾಂಶದ ವಿಷಯದಲ್ಲಿಯೂ ಈ ಒರೆಗಲ್ಲನ್ನೇ ಬಳಸಬಹುದು.