ಮಾತ್ರೆ ತಗೊಂಡ ಮೇಲೆ ಡೇಟ್ ತಪ್ಪಿದ್ರೆ?

ಕಳೆದ ಸೆಮಿಸ್ಟರ್ ಇಂಟರ್ನಲ್ಸ್ ಟೈಮಲ್ಲಿ ಗೆಳತಿಯೊಬ್ಬಳು ರಾತ್ರಿ ಹನ್ನೊಂದಕ್ಕೆ ನನ್ನ ರೂಮಿಗೆ ಬಂದಳು. ತುರ್ತು ಗರ್ಭನಿರೋಧಕ ಮಾತ್ರೆ ತಗೊಂಡು ಎರಡು ವಾರ ಆಗಿತ್ತು. ಪೀರಿಯಡ್ಸ್ ಡೇಟ್ ದಾಟಿ ನಾಲ್ಕು ದಿನ. "ಇನ್ನೊಂದು ಮಾತ್ರೆ ತಗೊಂಡ್ಬಿಡ್ಲೇನೇ?" ಅಂದಳು. ನನಗೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ, ಡಾಕ್ಟರ್ ಹತ್ರ ಕೇಳಿ ತಿಳ್ಕೊಂಡದ್ದನ್ನ, ಅವಳ ಒಪ್ಪಿಗೆ ಪಡೆದೇ ಬರೀತಿದ್ದೀನಿ.

ನಮ್ಮಲ್ಲಿ ಮೆಡಿಕಲ್ ಶಾಪಲ್ಲಿ ಚೀಟಿ ಇಲ್ಲದೆ ಸಿಗುವ ಈ ಮಾತ್ರೆಯಲ್ಲಿ 1.5 ಮಿ.ಗ್ರಾಂ ಲೆವೊನಾರ್ಜೆಸ್ಟ್ರೆಲ್ ಅನ್ನೋ ಹಾರ್ಮೋನ್ ಇರುತ್ತೆ. 72 ಗಂಟೆ ಒಳಗೆ, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ಇದರ ಮುಖ್ಯ ಕೆಲಸ ಅಂಡಾಣು ಬಿಡುಗಡೆಯನ್ನು ಮುಂದಕ್ಕೆ ಹಾಕುವುದು. ಎಕ್ಸಾಮ್ ಮುಂದಕ್ಕೆ ಹೋದ್ರೆ ರಿಸಲ್ಟೂ ಮುಂದಕ್ಕೆ ಹೋಗುತ್ತಲ್ಲ, ಹಾಗೇ ಮುಟ್ಟಿನ ದಿನವೂ ಬದಲಾಗಬಹುದು.

ಹೆಚ್ಚಿನವರಿಗೆ ಪೀರಿಯಡ್ಸ್ ಒಂದು ವಾರದ ಆಚೆ-ಈಚೆಯಲ್ಲಿ ಬರುತ್ತೆ. ಕೆಲವರಿಗೆ ಬೇಗ, ಕೆಲವರಿಗೆ ತಡ. ಆ ಸಲ ರಕ್ತಸ್ರಾವ ಹೆಚ್ಚೋ ಕಡಿಮೆಯೋ ಆಗಬಹುದು. ನಡುವೆ ಸ್ವಲ್ಪ ಕಲೆ ಕಾಣಿಸಬಹುದು. ಆದ್ರೆ ಕಲೆ ಕಂಡಿತು ಅಂದ್ರೆ "ಗರ್ಭ ನಿಂತಿಲ್ಲ" ಅಂತ ಅರ್ಥ ಅಲ್ಲ. ಒಂದು ವಾರಕ್ಕಿಂತ ತಡವಾದ್ರೆ, ಅಥವಾ ಸಂಬಂಧ ಆಗಿ ಮೂರು ವಾರವಾದ್ರೂ ಮುಟ್ಟು ಬರದಿದ್ರೆ, ಯೂರಿನ್ ಟೆಸ್ಟ್ ಮಾಡ್ಕೊಳ್ಳಿ.

ಗೆಳತಿಯ ಪ್ರಶ್ನೆಗೆ ಉತ್ತರ: ತಡವಾಯ್ತು ಅಂತ ಇನ್ನೊಂದು ಮಾತ್ರೆ ತಗೊಂಡ್ರೆ ಪ್ರಯೋಜನ ಇಲ್ಲ. ಅದು ಮುಟ್ಟು ತರಿಸೋ ಮಾತ್ರೆಯಲ್ಲ, ನಿಂತ ಗರ್ಭವನ್ನು ತೆಗೆಯೋದೂ ಇಲ್ಲ. ತಗೊಂಡ ಎರಡು ಗಂಟೆ ಒಳಗೆ ವಾಂತಿಯಾದ್ರೆ ಮಾತ್ರ ಮತ್ತೆ ತಗೋಬೇಕು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಅಂಡಾಣು ಬಿಡುಗಡೆ ಮುಂದಕ್ಕೆ ಹೋಗಿರೋದ್ರಿಂದ, ಅದೇ ತಿಂಗಳು ಮುಂದೆ ರಕ್ಷಣೆ ಇಲ್ಲದಿದ್ರೆ ಗರ್ಭ ನಿಲ್ಲಬಹುದು. ಹಾಗಾಗಿ ಕಾಂಡೋಮ್ ಬೇಕೇ ಬೇಕು. ಲೈಂಗಿಕ ಸೋಂಕು ತಡೆಯೋಕೂ ಅದೇ ಬೇಕು, ಮಾತ್ರೆಗೆ ಆ ಶಕ್ತಿ ಇಲ್ಲ. ಇದು ಪ್ರತಿ ತಿಂಗಳ ಉಪಾಯವೂ ಅಲ್ಲ. ಪದೇ ಪದೇ ತಗೊಂಡ್ರೆ ಮುಟ್ಟಿನ ಲೆಕ್ಕವೇ ಸಿಗಲ್ಲ. ಆದ್ರೆ "ಮುಂದೆ ಮಕ್ಕಳೇ ಆಗಲ್ಲ" ಅನ್ನೋದು ಸುಳ್ಳು.

ಕೆಳಹೊಟ್ಟೆಯಲ್ಲಿ ಜೋರು ನೋವು, ತಲೆಸುತ್ತು, ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ಸ್ರಾವ: ಇದ್ರಲ್ಲಿ ಯಾವುದಾದ್ರೂ ಇದ್ರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಗೆಳತಿಗೆ ಆರನೇ ದಿನ ಪೀರಿಯಡ್ಸ್ ಬಂತು. ಆ ಆರು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ, ಒಂದು ಇಂಟರ್ನಲ್ಸೂ ಬರೀಲಿಲ್ಲ. ಹುಡುಗರೇ, ಇದನ್ನ ನೀವೂ ಓದಿ. ದಿನ ಎಣಿಸೋ ಭಯ ಅವಳೊಬ್ಬಳದೇ ಆಗಬಾರದು.