ಹಂತಕನ ಬೆನ್ನು ಹತ್ತುವ ಮುನ್ನ

ಸರಣಿ ಹಂತಕನ ಬೇಟೆ, ಜೊತೆಗೊಂದು ಪ್ರೇಮಕಥೆ. ಇಂಥ ಇಂಗ್ಲಿಷ್ ಕಾದಂಬರಿ ಓದುವ ಹುಕಿ ಬಂದಿದ್ದರೆ ಕೈಗೆ ಸಿಕ್ಕಿದ್ದನ್ನು ಹಿಡಿಯಬೇಡಿ, ಮಾಲಿಕೆಯ ಮೊದಲ ಪುಸ್ತಕವನ್ನೇ ಹುಡುಕಿ. ನೋರಾ ರಾಬರ್ಟ್ಸ್ ಅವರು ಜೆ.ಡಿ. ರಾಬ್ ಎಂಬ ಹೆಸರಲ್ಲಿ ಬರೆದ 'ನೇಕೆಡ್ ಇನ್ ಡೆತ್' (1995) ನೋಡಿ. 2058ರ ನ್ಯೂಯಾರ್ಕ್, ಪೊಲೀಸ್ ಅಧಿಕಾರಿ ಈವ್ ಡಲ್ಲಾಸ್ ಮನಸೋಲುವುದು ಶಂಕಿತರ ಪಟ್ಟಿಯಲ್ಲಿರುವ ರೋರ್ಕ್‌ಗೇ! (ನಿಜಜೀವನದಲ್ಲಾದರೆ ಮರುದಿನವೇ ತನಿಖೆ ಕೈತಪ್ಪೀತು, ಇರಲಿ.) ಕೊಲೆಯ ಪ್ರಕರಣ ಆ ಪುಸ್ತಕದಲ್ಲೇ ಮುಗಿಯುತ್ತದೆ, ಇವರಿಬ್ಬರ ಸಂಬಂಧ ಮಾತ್ರ ಐವತ್ತಕ್ಕೂ ಹೆಚ್ಚು ಪುಸ್ತಕಗಳುದ್ದಕ್ಕೂ ಬೆಳೆಯುತ್ತ ಹೋಗುತ್ತದೆ. ನಡುವೆ ಹೊಕ್ಕರೆ ಆ ಸ್ವಾರಸ್ಯ ಹೋಯಿತೆಂದೇ ಲೆಕ್ಕ.

ಟೆಸ್ ಗೆರಿಟ್ಸನ್ ಅವರ 'ದಿ ಸರ್ಜನ್' (2001) ಬೇರೆಯೇ ಜಾತಿಯದು. ಲೇಖಕಿ ಸ್ವತಃ ವೈದ್ಯೆ. ಬಾಸ್ಟನ್ನಿನ ಕೊಲೆಗಾರನ ಸ್ಕಾಲ್ಪೆಲ್ ಮಾಡಿದ ಗಾಯಗಳನ್ನು ಆಪರೇಷನ್ ಥಿಯೇಟರಿನ ನಿರ್ಲಿಪ್ತತೆಯಲ್ಲೇ ವಿವರಿಸುತ್ತಾರೆ. ಊಟದ ಹೊತ್ತಿಗಂತೂ ಬೇಡ. ನಡುನಡುವೆ ಕೊಲೆಗಾರನೇ ಮಾತಾಡುವ ಪುಟಗಳು ಬರುತ್ತವೆ. ತೀರಾ ಹಿಂಸೆಯೆನಿಸಿದರೆ ಹಾರಿಸಿ, ಯಾರೂ ಪರೀಕ್ಷೆ ಇಟ್ಟಿಲ್ಲ. ಆದರೆ ಅವನ ಮನಸ್ಸಿನ ಸುಳಿವು ಸಿಗುವುದು ಅಲ್ಲೇ. ಹಗಲು ಹೊತ್ತಲ್ಲಿ ಓದುವುದು ವಾಸಿ. ಕೊನೆಯ ಪುಟ ಮಾತ್ರ ಮೊದಲೇ ತಿರುವಿ ನೋಡಬೇಡಿ. ಇಂಥ ಕಥೆಗಳಲ್ಲಿ ಪ್ರೇಮಿಗಳು ಒಂದಾಗುತ್ತಾರೆಂದು ಹೇಗೂ ಗೊತ್ತು, ಉಳಿದಿರುವ ಗುಟ್ಟು ಹಂತಕನದೊಂದೇ.