ದುಡ್ಡು ಬೇಡ, ದೊಡ್ಡವರು ಬೇಕು: ಬೇಸಿಗೆ ರಜೆಯ ಏಳು ಭಾನುವಾರ



ಏಪ್ರಿಲ್ ಎರಡನೇ ವಾರ ಶಾಲೆ ಮುಚ್ಚಿದರೆ ಮತ್ತೆ ತೆರೆಯುವುದು ಮೇ ಕೊನೆಗೆ. ಎಣಿಸಿ ನೋಡಿ, ಮಧ್ಯೆ ಸುಮಾರು ಏಳು ಭಾನುವಾರ ಸಿಗುತ್ತವೆ. ರಜೆ ಅಂದ ಕೂಡಲೇ ಪೇಟೆ, ಜಾತ್ರೆ, ಬಸ್ ಚಾರ್ಜು ಎಂದು ಯೋಚಿಸಿ, "ನಮಗೆಲ್ಲಿಯ ರಜೆ ಬಿಡಪ್ಪಾ" ಅಂತ ಸುಮ್ಮನಾಗುವವರೇ ಜಾಸ್ತಿ. ಆದರೆ ಒಂದು ರೂಪಾಯಿಯೂ ಖರ್ಚಿಲ್ಲದೆ ಮನೆಮಂದಿಯೆಲ್ಲ ಸೇರಿ ಮಾಡುವ ಆಟ-ಪಾಠಗಳು ನಮ್ಮ ಅಂಗಳದಲ್ಲೇ ಇವೆ. ಅದಕ್ಕೆ ಬೇಕಾದ ಸಾಮಾನು ಒಂದೇ: ಜೊತೆಗೊಬ್ಬರು ದೊಡ್ಡವರು. ಅವರನ್ನು ಸಂಪಾದಿಸುವುದು ಹೇಗೆ, ಸಂಪಾದಿಸಿದ ಮೇಲೆ ಏನೇನು ಮಾಡಬಹುದು ಎಂಬುದೇ ಈ ಪಾಠ.

ಮೊದಲ ಕೆಲಸ: ಅವ್ವನಿಗೆ ಬಿಡುವು

ಭಾನುವಾರ ನಮಗೆ ರಜೆ. ಅವ್ವನಿಗೆ ಅವತ್ತೇ ಬಟ್ಟೆಯ ಗಂಟು, ಕೊಟ್ಟಿಗೆ, ನೀರು, ಹಿಟ್ಟಿನ ಮಿಲ್ಲು. ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ಭಾನುವಾರವೂ ಕೂಲಿ ತಪ್ಪದು. ಹಾಗಿರುವಾಗ "ನಮ್ ಜೊತೆ ಆಡು ಬಾ" ಅಂದ್ರೆ ಅವರು ಎಲ್ಲಿಂದ ಬರಬೇಕು? ಶನಿವಾರ ಸಂಜೆಯೇ ನಾವು ನೀರು ತುಂಬಿ, ಕೊಟ್ಟಿಗೆ ಗುಡಿಸಿ, ನಮ್ಮ ಬಟ್ಟೆ ನಾವೇ ಒಗೆದುಕೊಂಡರೆ ಭಾನುವಾರ ಒಂದು ಗಂಟೆ ಉಳಿಯುತ್ತದೆ. ಇದರಲ್ಲಿ ಗಂಡುಮಕ್ಕಳು ಹೆಣ್ಣುಮಕ್ಕಳು ಅನ್ನೋ ಭೇದ ಬೇಡ. ಆ ಒಂದು ಗಂಟೆಯೇ ನಮ್ಮ ಬಂಡವಾಳ.

ಬೆಳಿಗ್ಗೆ: ಬೀಜ ಆಯುವುದು

ಬಿಸಿಲು ಏರುವ ಮೊದಲು ತಾತನನ್ನೋ ಅಜ್ಜಿಯನ್ನೋ ಕರೆದುಕೊಂಡು ತೋಪಿನ ಕಡೆ ಹೊರಡಿ. ಹೊಂಗೆಯ ಒಣಕಾಯಿ ಉದುರಿರುತ್ತವೆ. ಹುಣಸೆ ಕುಟ್ಟಿದ ಮನೆಗಳಲ್ಲಿ ಬೀಜದ ರಾಶಿ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಮಾವು, ಹಲಸು ತಿಂದ ಮೇಲೆ ಬೀಜವನ್ನು ತಿಪ್ಪೆಗೆ ಎಸೆಯಬೇಡಿ.

ತಿಳಿಯಿರಿ: ಎಲ್ಲ ಬೀಜವೂ ಒಂದೇ ತರಹ ಅಲ್ಲ. ಹುಣಸೆ ಬೀಜದ ಸಿಪ್ಪೆ ಗಟ್ಟಿ, ತಿಂಗಳುಗಟ್ಟಲೆ ಕೆಡುವುದಿಲ್ಲ. ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿ ಬಿತ್ತಿದರೆ ಸಾಕು. ಹಲಸು, ಮಾವಿನ ಬೀಜದೊಳಗೆ ತೇವ ಹೆಚ್ಚು. ಅವನ್ನು ಬಿಸಿಲಿಗೆ ಒಣಗಿಸಿದರೆ ಒಳಗಿನ ಮೊಳಕೆಯೇ ಸಾಯುತ್ತದೆ. ಆದ್ದರಿಂದ ಹಣ್ಣು ತಿಂದ ಒಂದೆರಡು ದಿನದಲ್ಲೇ ಊರಬೇಕು.

ಮಾಡಿ ನೋಡಿ: ಖಾಲಿ ಹಾಲಿನ ಪ್ಯಾಕೆಟ್ ತೊಳೆದು, ಕೆಳಗೆ ನಾಲ್ಕು ತೂತು ಮಾಡಿ, ಕೆಮ್ಮಣ್ಣು, ಮರಳು, ಹಳೆಯ ಗೊಬ್ಬರ ಬೆರೆಸಿ ತುಂಬಿ. ಒಂದು ಅಂಗುಲ ಆಳಕ್ಕೆ ಬೀಜ ಊರಿ ನೆರಳಿನಲ್ಲಿಡಿ. ಯಾವ ದಿನ ಊರಿದಿರಿ, ಯಾವ ದಿನ ಮೊಳಕೆ ಕಂಡಿತು ಅಂತ ಬರೆದಿಡಿ. ಮಳೆಗಾಲ ಹಿಡಿಯುವ ಹೊತ್ತಿಗೆ ಶಾಲೆಯ ಬೇಲಿಗೆ ನಮ್ಮದೇ ಸಸಿ ಸಿದ್ಧ. ಊರಿನ ದೊಡ್ಡ ಮರಗಳನ್ನು ಯಾರು ನೆಟ್ಟರು ಅಂತಲೂ ಅಜ್ಜಿಯನ್ನು ಕೇಳಿ. ಅದು ಯಾವ ಪುಸ್ತಕದಲ್ಲೂ ಇಲ್ಲ.

ಮಧ್ಯಾಹ್ನ: ನೆರಳು ಮಾಯವಾಗುವ ದಿನ

ಸೂರ್ಯ ದಿನಾ ಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆ ಅನ್ನುವುದು ಮಾತಿಗೆ ಮಾತ್ರ. ನಿಜವಾಗಿ ನೆತ್ತಿಯ ಮೇಲೆ ನೇರ ನಿಲ್ಲುವುದು ನಮ್ಮ ನಾಡಿನ ಯಾವ ಊರಿಗೇ ಆದರೂ ವರ್ಷಕ್ಕೆ ಎರಡೇ ಸಲ. ಒಂದು ಸಲ ಬೇಸಿಗೆ ರಜೆಯಲ್ಲಿ, ಇನ್ನೊಂದು ಸಲ ಆಗಸ್ಟಿನಲ್ಲಿ. ಆ ಹೊತ್ತು ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಹೆಚ್ಚುಕಡಿಮೆ ದಿನ ಹೀಗೆ: ಮೈಸೂರು ಏಪ್ರಿಲ್ 22, ಬೆಂಗಳೂರು ಏಪ್ರಿಲ್ 24, ದಾವಣಗೆರೆ ಏಪ್ರಿಲ್ 29, ಹುಬ್ಬಳ್ಳಿ ಮೇ 2, ಕಲಬುರಗಿ ಮೇ 9. ನಿಮ್ಮೂರು ಇವುಗಳಲ್ಲಿ ಯಾವುದರ ನೇರಕ್ಕಿದೆ ಅಂತ ಭೂಪಟ ನೋಡಿ ತಿಳಿಯಿರಿ. ಆ ದಿನಕ್ಕೆ ಹತ್ತಿರದ ಭಾನುವಾರ ಮಾಡಿದರೂ ನೆರಳು ಬೆರಳಷ್ಟೇ ಇರುತ್ತದೆ.

ಮಾಡಿ ನೋಡಿ: ಒಂದು ಮೀಟರ್ ಉದ್ದದ ಕೋಲು ನೆಡಿ. ನೆಟ್ಟಗಿದೆಯೇ ಅಂತ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿ. ಗಾರೆ ಕೆಲಸ ಬಲ್ಲ ಅಪ್ಪ, ಮಾವ ಇದ್ದರೆ ಅವರೇ ಗುರು. ಹನ್ನೆರಡು ಗಂಟೆಯಿಂದ ಹನ್ನೆರಡು ಮುಕ್ಕಾಲಿನವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿ. ಹೊಲದಲ್ಲಿ ಬುತ್ತಿ ಬಿಚ್ಚುವ ಹೊತ್ತೇ ಆದ್ದರಿಂದ ಯಾರ ಕೆಲಸವೂ ಕೆಡುವುದಿಲ್ಲ. ಸೂರ್ಯನನ್ನು ಮಾತ್ರ ನೇರವಾಗಿ ನೋಡಲೇಬಾರದು, ಕಣ್ಣು ಹೋಗುತ್ತದೆ.

ನೆರಳು ತೀರ ಚಿಕ್ಕದಾಗುವುದು ಹನ್ನೆರಡಕ್ಕೆ ಅಲ್ಲ. ಬೆಂಗಳೂರಿನಲ್ಲಿ ಸುಮಾರು 12 ಗಂಟೆ 18 ನಿಮಿಷಕ್ಕೆ, ಮಂಗಳೂರಿನಲ್ಲಿ ಇನ್ನೂ ಹತ್ತು ನಿಮಿಷ ತಡವಾಗಿ. ಯಾಕೆ? ನಮ್ಮ ಗಡಿಯಾರದ ಕಾಲವನ್ನು 82½ ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದಾರೆ. ನಾವು ಅದಕ್ಕಿಂತ ಪಶ್ಚಿಮದಲ್ಲಿದ್ದೇವೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮಲ್ಲಿಗೆ ತಡವಾಗಿ ಬರುತ್ತಾನೆ.

ಇನ್ನೊಂದು ಸೋಜಿಗ. ಅತ್ತೆಯ ಮನೆ, ಅಜ್ಜಿಯ ಊರು ದೂರದ ಜಿಲ್ಲೆಯಲ್ಲಿದ್ದರೆ ಅಲ್ಲಿಯ ಮಕ್ಕಳಿಗೂ ಒಂದು ಮೀಟರ್ ಕೋಲು ನೆಡಲು ಹೇಳಿ, ಫೋನಿನಲ್ಲಿ ಅಳತೆ ಕೇಳಿ. ಮೈಸೂರಿನಲ್ಲಿ ನೆರಳೇ ಇಲ್ಲದ ದಿನ ಕಲಬುರಗಿಯಲ್ಲಿ ಉತ್ತರ ದಿಕ್ಕಿಗೆ ಸುಮಾರು 9 ಸೆಂ.ಮೀ. ನೆರಳು ಇರುತ್ತದೆ. ಆ ಕೋಲು, ಆ ನೆರಳನ್ನು ಹಾಳೆಯ ಮೇಲೆ ತ್ರಿಕೋನವಾಗಿ ಬರೆದು ಕೋನಮಾಪಕ ಇಟ್ಟರೆ 5 ಡಿಗ್ರಿ ಬರುತ್ತದೆ. 5 ಡಿಗ್ರಿ ಅಂದ್ರೆ ಪೂರ್ತಿ ವೃತ್ತದ 72ನೇ ಒಂದು ಪಾಲು. ಎರಡೂ ಊರುಗಳ ನಡುವೆ ದಕ್ಷಿಣದಿಂದ ಉತ್ತರಕ್ಕೆ ನೇರ ದೂರ ಸುಮಾರು 555 ಕಿ.ಮೀ. ಗುಣಿಸಿ: 555 × 72 = 39,960. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ.! ಸುಮಾರು 2,200 ವರ್ಷದ ಹಿಂದೆ ಈಜಿಪ್ಟಿನಲ್ಲಿದ್ದ ಎರಟೊಸ್ತನೀಸ್ ಎಂಬ ಗ್ರೀಕ್ ವಿದ್ವಾಂಸ ಭೂಮಿಯನ್ನು ಅಳೆದದ್ದು ಇದೇ ಉಪಾಯದಿಂದ. ಅವನಿಗೆ ಫೋನು ಇರಲಿಲ್ಲ, ನಮಗಿದೆ.

ಇಳಿಹೊತ್ತು: ಚೌಕಾಬಾರ

ಮೂರು ಗಂಟೆಯ ಬಿಸಿಲಿನಲ್ಲಿ ಹೊರಗೆ ಹೋಗುವುದು ಬೇಡ. ಜಗಲಿಯ ಮೇಲೆ ಸುಣ್ಣದ ಕಲ್ಲಿನಿಂದ ಐದಕ್ಕೆ ಐದು, ಇಪ್ಪತ್ತೈದು ಮನೆ ಬರೆಯಿರಿ. ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಕಟ್ಟೆ ಹಾಕಿ. ಕೆಲವು ಕಡೆ ಇದನ್ನು ಕಟ್ಟೆಮನೆ ಅಂತಾನೇ ಕರೀತಾರೆ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜವನ್ನು ಒಂದು ಬದಿ ಬಿಳಿ ಕಾಣುವಂತೆ ಕಲ್ಲಿಗೆ ಉಜ್ಜಿ.

ಆಡುವಾಗ "ಚೌಕ ಬೀಳ್ತಾನೇ ಇಲ್ಲ" ಅಂತ ಎಲ್ಲರೂ ಗೊಣಗುತ್ತಾರೆ. ಅದು ಹಣೆಬರಹ ಅಲ್ಲ, ಲೆಕ್ಕ. ಒಂದು ಬೀಜ ಬೀಳುವುದು ಎರಡು ಬಗೆ, ಬಿಳಿ ಇಲ್ಲವೇ ಕಪ್ಪು. ನಾಲ್ಕು ಬೀಜ ಬೀಳುವುದು 2 × 2 × 2 × 2 = 16 ಬಗೆ. ಅದರಲ್ಲಿ ಎರಡು ಬಿಳಿ ಬರುವುದು 6 ಬಗೆ, ಒಂದು ಬಿಳಿ 4 ಬಗೆ, ಮೂರು ಬಿಳಿ 4 ಬಗೆ. ನಾಲ್ಕೂ ಬಿಳಿಯಾದ ಚೌಕ ಒಂದೇ ಬಗೆ, ನಾಲ್ಕೂ ಕಪ್ಪಾದ ಬಾರ ಒಂದೇ ಬಗೆ. ಎರಡೂ ಬದಿ ಬೀಳುವ ಅವಕಾಶ ಸಮ ಇದ್ದರೆ ನೂರು ಸಲ ಎಸೆದಾಗ ಚೌಕ ಆರು ಸಲದ ಹತ್ತಿರ, ಎರಡು ಮೂವತ್ತೇಳು ಸಲದ ಹತ್ತಿರ ಬರಬೇಕು. ಮನೆಯವರೆಲ್ಲ ಸೇರಿ ನೂರು ಸಲ ಎಸೆದು ಬರೆದುಕೊಳ್ಳಿ. ಲೆಕ್ಕಕ್ಕೂ ನಿಮ್ಮ ಬೀಜಕ್ಕೂ ಬಹಳ ವ್ಯತ್ಯಾಸ ಬಂದರೆ ಬೀಜ ಉಜ್ಜಿದ್ದು ಸರಿಯಿಲ್ಲ ಅಂತ ತಿಳಿಯಿರಿ!

ಆಟ ಬೇಡವಾದ ದಿನ ಗ್ರಾಮ ಪಂಚಾಯಿತಿಯ ಗ್ರಂಥಾಲಯದಿಂದ ತಂದ ಕಥೆ ಪುಸ್ತಕವನ್ನು ಓದು ಬಾರದ ಅಜ್ಜಿಗೆ ಓದಿ ಹೇಳಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿಯ ಸದಸ್ಯತ್ವ ಉಚಿತವಾಗಿ ಸಿಕ್ಕಿತು.

ಸಂಜೆ: ನೀರಿಗೆ ದೊಡ್ಡವರ ಜೊತೆಗೇ

ಈ ಭಾಗವನ್ನು ಎರಡು ಸಲ ಓದಿ. ಬೇಸಿಗೆಯಲ್ಲಿ ದೊಡ್ಡವರು ಕೆಲಸಕ್ಕೆ ಹೋದ ಮೇಲೆ ಮಕ್ಕಳು ಮಕ್ಕಳೇ ಸೇರಿ ಕೆರೆಗೆ, ಹೊಂಡಕ್ಕೆ ಇಳಿಯುತ್ತಾರೆ. ಪ್ರತಿ ಬೇಸಿಗೆಯಲ್ಲೂ ಪೇಪರಿನಲ್ಲಿ ಕೆಟ್ಟ ಸುದ್ದಿ ಬರುವುದು ಇದರಿಂದಲೇ. ಕೃಷಿ ಹೊಂಡ ನೋಡಲು ಚಿಕ್ಕದು, ಆದರೆ ಅದಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ. ಬಿದ್ದವರಿಗೆ ಹಿಡಿಯಲು ಮೆಟ್ಟಿಲೂ ಇಲ್ಲ, ಕಲ್ಲೂ ಇಲ್ಲ. ಕೆರೆಯಲ್ಲಿ ಮಣ್ಣು ತೆಗೆದ ಗುಂಡಿ ಮೇಲಿಂದ ಕಾಣುವುದಿಲ್ಲ. ಮೊಣಕಾಲುದ್ದ ಇದ್ದ ನೀರು ಮುಂದಿನ ಹೆಜ್ಜೆಗೆ ಆಳುದ್ದ ಆಗುತ್ತದೆ.

ಹಾಗಂತ ಈಜು ಕಲಿಯಬಾರದು ಅಂತಲ್ಲ, ಕಲಿಯಲೇಬೇಕು. ಮೆಟ್ಟಿಲಿರುವ ಬಾವಿಯಲ್ಲಿ, ಸೊಂಟಕ್ಕೆ ಬೆಂಡು ಕಟ್ಟಿಕೊಂಡು, ಹಗ್ಗದ ತುದಿ ಈಜು ಬಲ್ಲ ಅಪ್ಪನ ಅಥವಾ ಚಿಕ್ಕಪ್ಪನ ಕೈಯಲ್ಲಿ ಕೊಟ್ಟು ಕಲಿಯಬೇಕು. ಅವರು ಬರದ ದಿನ ನೀರಿಗೆ ಇಳಿಯುವುದಿಲ್ಲ, ಮಾತು ಮುಗಿಯಿತು.

ಯಾರಾದರೂ ಬಿದ್ದರೆ ಹಿಂದೆಯೇ ಹಾರಬಾರದು. ಜೋರಾಗಿ ಕೂಗಿ ಜನ ಸೇರಿಸಿ. ಹಗ್ಗ, ಸೀರೆ, ಟವೆಲ್, ಉದ್ದನೆ ಕೋಲು ಚಾಚಿ. ಮುಚ್ಚಳ ಹಾಕಿದ ಖಾಲಿ ಕ್ಯಾನು ಎಸೆದರೂ ಅದು ತೇಲುತ್ತದೆ, ಹಿಡಿದುಕೊಳ್ಳಬಹುದು. 112ಕ್ಕೆ ಇಲ್ಲವೇ 108ಕ್ಕೆ ಫೋನು ಮಾಡಿ.

ರಾತ್ರಿ: ಮಳೆ ನಕ್ಷತ್ರ ನೋಡುವುದು

ಊಟ ಮುಗಿಸಿ, ದೀಪ ಆರಿಸಿ, ಅಂಗಳದಲ್ಲಿ ಚಾಪೆ ಹಾಸಿ. ಮೇ ತಿಂಗಳ ರಾತ್ರಿ ಎಂಟೂವರೆಗೆ ಉತ್ತರಕ್ಕೆ ತಿರುಗಿದರೆ ಸಪ್ತರ್ಷಿ ಮಂಡಲ ಮೇಲೆಯೇ ಕಾಣುತ್ತದೆ. ಅದರ ಚೌಕದ ತುದಿಯ ಎರಡು ನಕ್ಷತ್ರಗಳ ನಡುವಿನ ದೂರವನ್ನು ಐದು ಪಟ್ಟು ಕೆಳಗೆ ಎಳೆದರೆ ಧ್ರುವ ಸಿಗುತ್ತಾನೆ. ಕೈ ಚಾಚಿ ಮುಷ್ಟಿ ಹಿಡಿದರೆ ಅದು ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ನಮ್ಮ ನಾಡಿನಲ್ಲಿ ಧ್ರುವ ಇರುವುದು ನೆಲದಿಂದ ಒಂದೂಕಾಲು ಮುಷ್ಟಿಯಿಂದ ಎರಡು ಮುಷ್ಟಿಯೊಳಗೆ. ಆ ಎತ್ತರವೇ ನಿಮ್ಮೂರಿನ ಅಕ್ಷಾಂಶ.

ಸಪ್ತರ್ಷಿಯ ಬಾಲದ ಬಾಗನ್ನೇ ಮುಂದುವರಿಸಿ. ಮೊದಲು ಕೆಂಬಣ್ಣದ ಸ್ವಾತಿ, ಆಮೇಲೆ ಬೆಳ್ಳಗಿನ ಚಿತ್ತಾ. ಈ ಹೆಸರು ಕೇಳಿದ ಕೂಡಲೇ ತಾತ ಎದ್ದು ಕೂರುತ್ತಾರೆ. "ಚಿತ್ತಾ ಮಳೆ, ಸ್ವಾತಿ ಮಳೆ ಬರೋದು ಅಕ್ಟೋಬರಿನಲ್ಲಲ್ವಾ? ಈಗ ಹ್ಯಾಗೆ ಕಾಣುತ್ತೆ?" ಅಂತ ಕೇಳಬಹುದು. ಉತ್ತರ ಹೀಗೆ: ಸೂರ್ಯ ಯಾವ ನಕ್ಷತ್ರದ ಕಡೆ ಇದ್ದಾನೋ ಆ ದಿನಗಳ ಮಳೆಗೆ ಆ ಹೆಸರು. ಅಕ್ಟೋಬರಿನಲ್ಲಿ ಸೂರ್ಯ ಚಿತ್ತೆಯ ಜೊತೆಗಿರುವುದರಿಂದ ಅವಳು ಹಗಲಿನ ಬೆಳಕಿನಲ್ಲಿ ಮುಚ್ಚಿಹೋಗುತ್ತಾಳೆ. ಬೇಸಿಗೆಯಲ್ಲಿ ಸೂರ್ಯ ಆಕಾಶದ ಇನ್ನೊಂದು ಕಡೆ ಇರುವುದರಿಂದ ಅವಳು ರಾತ್ರಿ ಕಾಣುತ್ತಾಳೆ. ತಾತ ಇಪ್ಪತ್ತೇಳೂ ಮಳೆಗಳ ಹೆಸರು ಹೇಳಲಿ, ನಾವು ಬರೆದುಕೊಳ್ಳೋಣ.

ಸ್ವಾತಿಯ ಬೆಳಕು ನಮ್ಮನ್ನು ಮುಟ್ಟಲು ಸುಮಾರು 37 ವರ್ಷ ಬೇಕು. ನಮ್ಮ ಅಪ್ಪ-ಅವ್ವ ಚಿಕ್ಕವರಿದ್ದಾಗ ಹೊರಟ ಬೆಳಕು ಈಗ ನಮ್ಮ ಚಾಪೆಯ ಮೇಲೆ ಬಿದ್ದಿದೆ. ಆಗ ಅವರ ರಜೆ ಹೇಗಿತ್ತು ಅಂತ ಕೇಳಿ. ಅವರೇ ಹೇಳುತ್ತಾರೆ.

ಅಭ್ಯಾಸ

1. ನಿಮ್ಮ ಮನೆಯಲ್ಲಿ ನೂರು ಎಸೆತಕ್ಕೆ ಚೌಕ ಎಷ್ಟು ಸಲ ಬಿತ್ತು?
2. ಮೇ ಕೊನೆಯ ಮಧ್ಯಾಹ್ನ ಕೋಲಿನ ನೆರಳು ಯಾವ ದಿಕ್ಕಿಗೆ ಬಿತ್ತು, ಯಾಕೆ?
3. ಹಲಸಿನ ಬೀಜ ಎಷ್ಟು ದಿನಕ್ಕೆ ಮೊಳೆಯಿತು?
4. ಈಜು ಬರುವ ದೊಡ್ಡವರು ನಿಮ್ಮ ಬೀದಿಯಲ್ಲಿ ಯಾರ‍್ಯಾರಿದ್ದಾರೆ?
5. ಏಳು ಭಾನುವಾರದಲ್ಲಿ ಅವ್ವ ನಿಮ್ಮ ಜೊತೆ ಕೂತದ್ದು ಎಷ್ಟು?

ಉತ್ತರಗಳನ್ನು ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು ಶಾಲೆ ತೆರೆದ ದಿನ ತನ್ನಿ. ಜೂನ್ ತಿಂಗಳ ಗೋಡೆ ಪತ್ರಿಕೆಗೆ ಅಂಟಿಸೋಣ. ಐದನೆಯ ಉತ್ತರ ಸೊನ್ನೆ ಬರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.